ರೆಬೆಕಾ ಗ್ರಾಟ್ಜ್: ಕಾರ್ಯದರ್ಶಿಯ ಕೆಲಸ ಹಿಡಿದೇ ಸಂಸ್ಥೆಗಳನ್ನು ಕಟ್ಟಿದ ಬಗೆ

ನಡಾವಳಿ:
ಅಮೆರಿಕದ ಫಿಲಡೆಲ್ಫಿಯಾದ ಯಹೂದಿ ಮಹಿಳೆ ರೆಬೆಕಾ ಗ್ರಾಟ್ಜ್ (1781–1869) ಬಗ್ಗೆ ಬರೆಯುವವರೆಲ್ಲ ಅವರ ರೂಪ, ಗುಣ, ಮದುವೆಯಾಗದೆ ಉಳಿದದ್ದು ಇಷ್ಟನ್ನೇ ಹೇಳಿ ಮುಗಿಸುತ್ತಾರೆ. ಅವರು ಮಾಡಿದ ಕೆಲಸವನ್ನು ಕೆಲಸವಾಗಿ ನೋಡಿದವರು ಕಡಿಮೆ. ಅದಕ್ಕೆ ಈ ಚರ್ಚೆ.

1801ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ತಾಯಿ ಮಿರಿಯಂ ಮತ್ತು ಊರಿನ ಇತರ ಯಹೂದಿ, ಕ್ರೈಸ್ತ ಮಹಿಳೆಯರ ಜೊತೆ ಸೇರಿ ಒಂದು ಸಂಘ ಕಟ್ಟಿದರು. ಚೆನ್ನಾಗಿ ಬಾಳಿ ಆಮೇಲೆ ಕಷ್ಟಕ್ಕೆ ಬಿದ್ದ ಹೆಂಗಸರಿಗೆ, ಅವರ ಮಕ್ಕಳಿಗೆ ನೆರವಾಗುವ ಸಂಘ ಅದು. ಅಲ್ಲಿ ಇವರು ಕಾರ್ಯದರ್ಶಿ. 1815ರಲ್ಲಿ ಶುರುವಾದ ಫಿಲಡೆಲ್ಫಿಯಾ ಅನಾಥಾಲಯದ ಸ್ಥಾಪಕರಲ್ಲೊಬ್ಬರು. 1819ರಿಂದ ನಲವತ್ತು ವರ್ಷ ಅದಕ್ಕೂ ಕಾರ್ಯದರ್ಶಿ. ಅದೇ 1819ರ ನವೆಂಬರಿನಲ್ಲಿ ಮಿಕ್ವೆ ಇಸ್ರೇಲ್ ಎಂಬ ಯಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗ್‌ನ ಮಹಿಳೆಯರನ್ನು ಕೂಡಿಸಿ ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿ ಆರಂಭಿಸಿದರು. ಅಮೆರಿಕದಲ್ಲಿ ಯಹೂದಿ ಮಹಿಳೆಯರೇ ನಡೆಸಿದ ಮೊದಲ ದಾನಸಂಸ್ಥೆ ಇದು. 1838ರಲ್ಲಿ ಯಹೂದಿ ಮಕ್ಕಳಿಗೆ ಧರ್ಮಪಾಠ ಹೇಳುವ ಹೀಬ್ರೂ ಭಾನುವಾರ ಶಾಲೆ, 1855ರಲ್ಲಿ ಯಹೂದಿ ಮಕ್ಕಳ ಪಾಲನಾಗೃಹ.

ನನ್ನ ವಾದ ಇಷ್ಟೇ: ಅವರ ಬಲ ಇದ್ದದ್ದು ಕಾರ್ಯದರ್ಶಿಯ ಮೇಜಿನಲ್ಲಿ. ಅಧ್ಯಕ್ಷೆಯರು ಬದಲಾಗುತ್ತಾರೆ, ಸಮಿತಿ ಬದಲಾಗುತ್ತದೆ. ಪತ್ರ, ಠರಾವು, ವರದಿ, ಹಿಂದಿನ ವರ್ಷ ಯಾರಿಗೆ ಏನು ಕೊಟ್ಟೆವು ಎಂಬ ಲೆಕ್ಕ ಇವೆಲ್ಲ ಒಂದೇ ಕೈಯಲ್ಲಿ ಉಳಿದರೆ ಸಂಸ್ಥೆಗೆ ನೆನಪಿರುತ್ತದೆ.

ಶಾಲ್ಮಲಾ ತೀರ:
ಒಪ್ಪುತ್ತೇನೆ, ಆದರೆ ಒಂದು ಅನುಮಾನ. ಆಗಲೇ ಎಲ್ಲರಿಗೂ ತೆರೆದಿದ್ದ ಸಂಘ ಇತ್ತಲ್ಲ, ಅದರಲ್ಲಿ ಇವರೇ ಕಾರ್ಯದರ್ಶಿ. ಮತ್ತೆ ಯಹೂದಿಗಳಿಗೆ ಮಾತ್ರ ಅಂತ ಬೇರೆ ಸಂಘ ಯಾಕೆ ಬೇಕಾಯಿತು? ಊರಿನಲ್ಲಿ ಆಗ ಇದ್ದ ಯಹೂದಿಗಳೇ ಕೆಲವು ನೂರು ಜನ.

ನಡಾವಳಿ:
ಅವರಿಗೆ ಉತ್ತರ ಹೊಳೆದದ್ದೇ ಆ ತೆರೆದ ಸಂಘಗಳ ಒಳಗೆ ಕೂತಿದ್ದರಿಂದ. ಆ ಕಾಲದ ಫಿಲಡೆಲ್ಫಿಯಾದಲ್ಲಿ ಬಡವರ ಮನೆಗೆ ಸೌದೆ, ಹಿಟ್ಟು ತಂದುಕೊಡುವ ಹೆಂಗಸರು ಜೊತೆಗೆ ಧರ್ಮಪ್ರಚಾರದ ಹಾಳೆಯನ್ನೂ ತರುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಆತ್ಮೋದ್ಧಾರವೂ ನೆರವಿನ ಭಾಗ ಎಂದೇ ಅವರು ನಂಬಿದ್ದರು. ಆದರೆ ಪಡೆಯುವವಳು ವಿಧವೆ, ಮನೆಯಲ್ಲಿ ಮೂರು ಮಕ್ಕಳು, ಹೊರಗೆ ಹಿಮ. ಬೇಡ ಅನ್ನುವ ಸ್ಥಿತಿ ಎಲ್ಲಿ?

ಎರಡನೆಯದು ಊಟ. ನಗರದ ಬಡವರ ಆಶ್ರಯಗೃಹಕ್ಕೆ ಸೇರಿದರೆ ಕೋಷರ್ (ಯಹೂದಿ ಧರ್ಮದ ನಿಯಮದಂತೆ ಮಾಡಿದ) ಊಟ ಇಲ್ಲ, ಶನಿವಾರದ ಶಬ್ಬತ್ ಆಚರಣೆ ಇಲ್ಲ. ಪಾಸೋವರ್ ಹಬ್ಬದಲ್ಲಿ ಹುಳಿ ಬಂದ ಹಿಟ್ಟಿನ ರೊಟ್ಟಿ ತಿನ್ನುವಂತಿಲ್ಲ, ಹುಳಿ ಬರಿಸದ ಮಾಟ್ಜಾ ರೊಟ್ಟಿ ಬೇಕು. ಇದನ್ನು ಹೊರಗಿನ ಸಂಘಕ್ಕೆ ಪ್ರತಿ ಸಲ ವಿವರಿಸಿ ಕೇಳುವ ಬದಲು ತಾವೇ ಕೊಡುವುದು ಸುಲಭ.

ಮೂರನೆಯದು ವರ್ಷ. 1819 ಅಮೆರಿಕದ ದೊಡ್ಡ ಹಣಕಾಸಿನ ಕುಸಿತದ ವರ್ಷ. ಬ್ಯಾಂಕುಗಳು ಸಾಲ ವಾಪಸ್ ಕೇಳಿದವು, ವ್ಯಾಪಾರಿಗಳು ಮುಳುಗಿದರು. ಸಿನಗಾಗ್‌ನ ಪೆಟ್ಟಿಗೆಯಿಂದ ಅಷ್ಟಿಷ್ಟು ಕೊಡುವ ಹಳೆಯ ಕ್ರಮ ಸಾಲದಾಯಿತು. ಅದೂ ಅಲ್ಲದೆ ಆ ಪೆಟ್ಟಿಗೆ ಗಂಡಸರ ಆಡಳಿತ ಮಂಡಳಿಯ ಕೈಯಲ್ಲಿತ್ತು. ಹೆಂಗಸೊಬ್ಬಳು ಬಾಣಂತನದ ಕಷ್ಟವನ್ನೋ ಗಂಡ ಬಿಟ್ಟುಹೋದದ್ದನ್ನೋ ಆ ಮಂಡಳಿಯ ಮುಂದೆ ಹೇಳಿಕೊಳ್ಳಬೇಕು.

ಮಿಕ್ವೆ ಇಸ್ರೇಲ್‌ನ ಸದಸ್ಯರೇ ಈ ಸಂಘ ನಡೆಸಿದರೂ ಅದು ಸಿನಗಾಗ್‌ನ ಅಂಗಸಂಸ್ಥೆ ಆಗಿರಲಿಲ್ಲ. ನಿಯಮಾವಳಿ ಬೇರೆ, ಖಜಾನೆ ಬೇರೆ. ನನ್ನ ಪ್ರಕಾರ ಅವರ ಅತಿ ಮುಖ್ಯ ತೀರ್ಮಾನ ಇದೇ.

ಚಂದಾಪುಸ್ತಕ:
ಖಜಾನೆಯ ಮಾತು ಬಂದದ್ದಕ್ಕೆ ಕಾನೂನಿನ ಒಂದು ವಿಷಯ ಸೇರಿಸುತ್ತೇನೆ. ಆಗಿನ ಇಂಗ್ಲಿಷ್ ಮೂಲದ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ಹೆಸರಲ್ಲಿ ಹಣ ಇಟ್ಟುಕೊಳ್ಳುವ, ಕರಾರು ಮಾಡುವ, ದಾವೆ ಹೂಡುವ ಹಕ್ಕು ಇರಲಿಲ್ಲ. ಅವಳ ಕೈಯಲ್ಲಿರುವ ಹಣ ಕಾನೂನಿನ ಕಣ್ಣಿಗೆ ಗಂಡನ ಹಣ. ಖಜಾಂಚಿಯ ಗಂಡ ದಿವಾಳಿಯಾದರೆ ಅವನಿಗೆ ಸಾಲ ಕೊಟ್ಟವರು ಸಂಘದ ಹಣಕ್ಕೂ ಕೈ ಹಾಕಬಹುದು. 1819ರಂಥ ವರ್ಷದಲ್ಲಿ ಇದು ಬರೀ ಊಹೆಯ ಭಯ ಅಲ್ಲ.

ಅದಕ್ಕೇ ಆ ಕಾಲದ ಕೆಲವು ಮಹಿಳಾ ಸಂಘಗಳು ಖಜಾಂಚಿ ಅವಿವಾಹಿತೆಯೇ ಆಗಿರಬೇಕು ಎಂದು ನಿಯಮದಲ್ಲಿ ಬರೆದವು. ಬೋಸ್ಟನ್ನಿನ ಹೆಣ್ಣುಮಕ್ಕಳ ಅನಾಥಾಶ್ರಮ ಇದಕ್ಕೆ ಒಳ್ಳೆಯ ಉದಾಹರಣೆ. ಪೆನ್ಸಿಲ್ವೇನಿಯಾದಲ್ಲಿ ವಿವಾಹಿತೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1848ರಲ್ಲಿ. ಇನ್ನೊಂದು ದಾರಿ ಅಂದರೆ ಶಾಸನಸಭೆಯಿಂದ ಸನ್ನದು ಪಡೆದು ಸಂಘವನ್ನೇ ಕಾನೂನುಬದ್ಧ ಸಂಸ್ಥೆ ಮಾಡಿಸುವುದು. ಆಗ ಆಸ್ತಿ, ಇಡುಗಂಟು ಸಂಘದ ಹೆಸರಲ್ಲೇ ಇರುತ್ತದೆ.

ರೆಬೆಕಾ ಮದುವೆಯಾಗದೆ ಉಳಿದದ್ದನ್ನು ಪ್ರೇಮಕಥೆಯಾಗಿ ಹೇಳುವವರು ಈ ಮಗ್ಗುಲನ್ನು ನೋಡುವುದೇ ಇಲ್ಲ. ಅವರ ಸಹಿಗೆ ಕಾನೂನಿನಲ್ಲಿ ಬೆಲೆ ಇತ್ತು.

ಬೆಳ್ಳಿಚುಕ್ಕಿ:
ಸಂಘದ ನಿತ್ಯದ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಯಾರಾದರೂ ಹಂತಹಂತವಾಗಿ ಹೇಳುತ್ತೀರಾ? ಅರ್ಜಿ ಬಂದಾಗಿನಿಂದ ಸೌದೆ ಮನೆ ಸೇರುವವರೆಗೆ.

ಚಂದಾಪುಸ್ತಕ:
ಆ ಕಾಲದ ಮಹಿಳಾ ಸಂಘಗಳ ರೂಢಿ ಹೀಗಿತ್ತು, ಮೇಡಂ. ಸದಸ್ಯೆಯರು ವರ್ಷಕ್ಕಿಷ್ಟು ಅಂತ ಚಂದಾ ಕೊಡುತ್ತಾರೆ. ಅದರಲ್ಲಿ ಕೆಲವರು ಆಡಳಿತ ಸಮಿತಿಗೆ ಆಯ್ಕೆಯಾಗುತ್ತಾರೆ. ಸಮಿತಿಯವರು ಬೀದಿಗಳನ್ನು ಹಂಚಿಕೊಳ್ಳುತ್ತಾರೆ. ಅರ್ಜಿ ಬಂದರೆ ಆ ಭಾಗದ ಸದಸ್ಯೆ ಸ್ವತಃ ಮನೆಗೆ ಹೋಗಿ ನೋಡಬೇಕು: ಒಲೆ ಉರಿಯುತ್ತಿದೆಯೇ, ಹಾಸಿಗೆ ಹೊದಿಕೆ ಇದೆಯೇ, ದುಡಿಯುವವರು ಯಾರು, ಬಾಡಿಗೆ ಎಷ್ಟು ತಿಂಗಳು ಬಾಕಿ, ಬೇರೆ ಸಂಘದಿಂದ ಏನಾದರೂ ಬರುತ್ತಿದೆಯೇ. ನೋಡಿ ಬಂದು ಸಭೆಯಲ್ಲಿ ಹೇಳಬೇಕು, ಠರಾವಾಗಬೇಕು, ಖಜಾಂಚಿ ಹಣ ಬಿಡುಗಡೆ ಮಾಡಬೇಕು.

ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿ ಕೊಟ್ಟದ್ದು ಮುಖ್ಯವಾಗಿ ಆಹಾರ, ಉರುವಲು, ಬಟ್ಟೆ, ಇರಲು ಜಾಗ. ನಗದು ಕೈಗೆ ಕೊಡುವುದಕ್ಕಿಂತ ವಸ್ತುವನ್ನೇ ಕೊಡುವುದನ್ನು ಆ ಕಾಲದ ಸಂಘಗಳೆಲ್ಲ ಇಷ್ಟಪಡುತ್ತಿದ್ದವು. ಕಾರಣ ಮತ್ತೆ ಕಾನೂನೇ: ಮದುವೆಯಾದವಳ ಕೈಗೆ ಕೊಟ್ಟ ನಗದನ್ನು ಗಂಡ ಕೇಳಿದರೆ ಅವಳಿಗೆ ತಡೆಯುವ ಹಕ್ಕಿಲ್ಲ. ಒಲೆಗೆ ಬಿದ್ದ ಸೌದೆಯನ್ನು ಯಾರೂ ಕಸಿಯಲಾರರು. ಮುಂದೆ ವಲಸಿಗರು ಹೆಚ್ಚಾದಾಗ ಕೆಲಸ ಹುಡುಕಿಕೊಡುವುದು, ಪ್ರಯಾಣಿಕರಿಗೆ ನೆರವಾಗುವುದು ಸೇರಿಕೊಂಡಿತು. ಹೊಲಿಗೆ ಸಂಘ, ಉರುವಲು ಸಂಘ ಅಂತ ಜೊತೆಯ ಸಂಘಗಳೂ ಬೆಳೆದವು. ಒಬ್ಬರಿಗೇ ಎರಡು ಕಡೆಯಿಂದ ಹೋಗದಂತೆ, ಇನ್ನೊಬ್ಬರು ಬಿಟ್ಟುಹೋಗದಂತೆ ಇವರು ತಾಳೆ ನೋಡುತ್ತಿದ್ದರು.

ಎಲ್ಲಿ ಕೆಡುತ್ತದೆ ಅಂದರೆ, ಮನೆಗೆ ಹೋಗಿ ನೋಡುವ ಹಂತದಲ್ಲೇ. ನೋಡಲು ಹೋದವಳಿಗೂ ಅರ್ಜಿದಾರಳಿಗೂ ಸಿನಗಾಗ್‌ನಲ್ಲಿ ವಾರವಾರ ಮುಖ ನೋಡುವ ಪರಿಚಯ. ಸಮುದಾಯ ಅಷ್ಟು ಚಿಕ್ಕದಿರುವಾಗ ಒಂದು ಮಾತು ಹೊರಗೆ ಬಿದ್ದರೆ ಆ ಹೆಂಗಸು ಮುಂದಿನ ಚಳಿಗಾಲ ಉಪವಾಸ ಇದ್ದರೂ ಅರ್ಜಿ ಹಾಕುವುದಿಲ್ಲ. ವಾರ್ಷಿಕ ವರದಿಗೆ ಹೋಗಬೇಕಾದದ್ದು ಸಂಖ್ಯೆ, ಹೆಸರಲ್ಲ.

ಇತಿಹಾಸದ ಮೇಷ್ಟ್ರು:
ಇದಕ್ಕೆ ಧರ್ಮಶಾಸ್ತ್ರದ ಆಧಾರವೂ ಇದೆ. 12ನೇ ಶತಮಾನದ ಯಹೂದಿ ಧರ್ಮಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಕೆಳಗಿನ ಮೆಟ್ಟಿಲು ಮುಖ ಗಂಟಿಕ್ಕಿಕೊಂಡು ಕೊಡುವುದು. ಮೇಲಕ್ಕೆ ಹೋದಂತೆ ಕೇಳುವ ಮೊದಲೇ ಕೊಡುವುದು, ಕೊಟ್ಟವರು ಯಾರೆಂದು ಪಡೆದವನಿಗೆ, ಪಡೆದವರು ಯಾರೆಂದು ಕೊಟ್ಟವನಿಗೆ ತಿಳಿಯದಂತೆ ಕೊಡುವುದು. ಎಲ್ಲಕ್ಕಿಂತ ಮೇಲಿನದು ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಅವನು ಮತ್ತೆ ಕೈ ಚಾಚದಂತೆ ಮಾಡುವುದು. ಕೆಲಸ ಹುಡುಕಿಕೊಡುವ ವ್ಯವಸ್ಥೆಯನ್ನು ಈ ಹೆಂಗಸರು ಸೇರಿಸಿಕೊಂಡದ್ದು ಆ ತುದಿಯ ಮೆಟ್ಟಿಲು ಹತ್ತಿದಂತೆ. ಪಾಲಿಸುವುದು ಎಷ್ಟು ಕಷ್ಟ ಎಂಬುದನ್ನು ಚಂದಾಪುಸ್ತಕ ಅವರು ಸರಿಯಾಗಿ ಹೇಳಿದ್ದಾರೆ: ಮನೆಗೆ ಹೋಗಿ ವಿಚಾರಿಸುವ ಪದ್ಧತಿಗೂ ಗುಟ್ಟಾಗಿ ಕೊಡುವ ಆದರ್ಶಕ್ಕೂ ನೇರ ಜಗಳ. ಸಮಿತಿಯೊಂದು ಮಧ್ಯೆ ನಿಂತರೆ ಚಂದಾ ಕೊಟ್ಟವರಿಗಾದರೂ ಪಡೆದವರು ಯಾರೆಂದು ತಿಳಿಯುವುದಿಲ್ಲ. ಅಷ್ಟು ಮಟ್ಟಿಗೆ ಜಗಳ ತೀರುತ್ತದೆ.

ಶಾಲ್ಮಲಾ ತೀರ:
ಭಾನುವಾರ ಶಾಲೆಯ ಬಗ್ಗೆ ಬರೆಯಿರಿ. ನನಗೆ ಅವರ ಎಲ್ಲ ಕೆಲಸಗಳಲ್ಲಿ ಅದೇ ದೊಡ್ಡದು.

ನಡಾವಳಿ:
ನನಗೂ ಅಷ್ಟೇ. 1838ರ ಮಾರ್ಚ್ 4ರಂದು ಶುರುವಾಯಿತು, ಅವತ್ತು ಅವರ 57ನೇ ಹುಟ್ಟುಹಬ್ಬ. 1864ರವರೆಗೆ ಅವರೇ ಅದರ ಮೇಲ್ವಿಚಾರಕಿ. ಅಂದರೆ ಬಿಟ್ಟದ್ದು 80 ದಾಟಿದ ಮೇಲೆ.

ಹಿಂದಿನ ಸ್ಥಿತಿ ಹೀಗಿತ್ತು: ಅನುಕೂಲಸ್ಥರ ಮಕ್ಕಳಿಗೆ ಮನೆಪಾಠ. ಬಡವರ ಮಕ್ಕಳಿಗೆ ಏನೂ ಇಲ್ಲ. ಊರ ತುಂಬ ಪ್ರೊಟೆಸ್ಟೆಂಟ್ ಭಾನುವಾರ ಶಾಲೆಗಳು, ಉಚಿತ, ಯಾರು ಬೇಕಾದರೂ ಬರಬಹುದು. ಮಿಕ್ವೆ ಇಸ್ರೇಲ್‌ನ ಹಜ್ಜಾನ್ (ಪ್ರಾರ್ಥನೆ ನಡೆಸುವವರು) ಐಸಾಕ್ ಲೀಸರ್ ದಿನದ ಶಾಲೆಯನ್ನು ನಡೆಸಲು ಪ್ರಯತ್ನಿಸಿದ್ದರು, ಬೆಂಬಲ ಸಿಗಲಿಲ್ಲ. ರೆಬೆಕಾ ಎದುರಿನವರ ಮಾದರಿಯನ್ನೇ ತೆಗೆದುಕೊಂಡರು: ವಾರಕ್ಕೆ ಒಂದು ದಿನ, ಶುಲ್ಕ ಇಲ್ಲ, ಹುಡುಗ ಹುಡುಗಿಯರು ಒಟ್ಟಿಗೆ, ಪಾಠ ಇಂಗ್ಲಿಷಿನಲ್ಲಿ. ಕಲಿಸುವವರು ಸಂಬಳವಿಲ್ಲದ ಯುವತಿಯರು. ಯಹೂದಿ ಸಂಪ್ರದಾಯದಲ್ಲಿ ಹೆಂಗಸರು ಎಲ್ಲರ ಮುಂದೆ ನಿಂತು ಧರ್ಮಪಾಠ ಹೇಳುವ ಪರಿಪಾಠವೇ ಇರಲಿಲ್ಲ. ಇಲ್ಲಿ ಅದು ಸದ್ದಿಲ್ಲದೆ ಶುರುವಾಯಿತು.

ಮೊದಲ ತೊಡಕು ಪಠ್ಯಪುಸ್ತಕ. ಇಂಗ್ಲಿಷಿನಲ್ಲಿ ಯಹೂದಿ ಮಕ್ಕಳ ಪುಸ್ತಕವೇ ಇರಲಿಲ್ಲ. ಕ್ರೈಸ್ತ ಭಾನುವಾರ ಶಾಲಾ ಒಕ್ಕೂಟ ಅಚ್ಚು ಹಾಕಿದ ಬೈಬಲ್ ಪ್ರಶ್ನೋತ್ತರಗಳನ್ನೇ ತಂದು, ತಮಗೆ ಒಗ್ಗದ ಉತ್ತರಗಳ ಮೇಲೆ ಕಾಗದದ ಚೀಟಿ ಅಂಟಿಸುತ್ತಿದ್ದರು. ಬೇಸಿಗೆಯ ಉದ್ದನೆಯ ದಿನಗಳನ್ನು ಈ ಅಂಟಿಸುವ ಕೆಲಸದಲ್ಲೇ ಕಳೆದದ್ದನ್ನು ಅವರ ಸಂಬಂಧಿ ರೋಸಾ ಮೊರ್ಡೆಕಾಯ್ ಬರೆದಿಟ್ಟಿದ್ದಾರೆ. ಚೀಟಿಯ ಕೆಳಗೆ ಏನಿದೆ ಅಂತ ಮಕ್ಕಳು ಮೇಲಿಂದ, ಪಕ್ಕದಿಂದ ಇಣುಕಿ ನೋಡಲು ಒದ್ದಾಡುತ್ತಿದ್ದರಂತೆ!

ಈ ಚೀಟಿಗಳಿಂದ ಹೊರಬರಲು ಪುಸ್ತಕ ಬರೆಯಲೇಬೇಕಾಯಿತು. 1839ರಲ್ಲಿ ಲೀಸರ್ ಚಿಕ್ಕ ಮಕ್ಕಳಿಗೆ ಪ್ರಶ್ನೋತ್ತರ ಪುಸ್ತಕ ತಂದು ರೆಬೆಕಾ ಅವರಿಗೇ ಅರ್ಪಿಸಿದರು. ಶಾಲೆಯಲ್ಲಿ ಕಲಿಸುತ್ತಿದ್ದ ಸಿಮ್ಹಾ ಪೈಶೋಟೊ ಮತ್ತು ಅವರ ಅಕ್ಕತಂಗಿಯರಲ್ಲೊಬ್ಬರಾದ ರೇಚಲ್ ಪೈಕ್ ಕೂಡ ಪಠ್ಯ ಬರೆದರು. ಮಕ್ಕಳ ಮುಂದೆ ನಿಂತು ಎಲ್ಲಿ ತೊಡಕಾಗುತ್ತದೆ ಅಂತ ತಿಳಿದವರು ಬರೆದ ಪುಸ್ತಕಗಳು ಅವು.

ಬೆಳ್ಳಿಚುಕ್ಕಿ:
ವಾರಕ್ಕೊಂದು ದಿನದಲ್ಲಿ ಹೀಬ್ರೂ ಕಲಿಸಲು ಆಗುತ್ತದೆಯೇ?

ಇತಿಹಾಸದ ಮೇಷ್ಟ್ರು:
ಆಗುವುದಿಲ್ಲ, ಆಗಲೂ ಇಲ್ಲ. ಆ ಶಾಲೆಯ ಮೇಲಿನ ನ್ಯಾಯವಾದ ಟೀಕೆ ಅದು. ವಾರಕ್ಕೊಮ್ಮೆ ಕೆಲವೇ ಗಂಟೆ ಇಂಗ್ಲಿಷಿನಲ್ಲಿ ಬೈಬಲ್ ಕಥೆ, ಹತ್ತು ಆಜ್ಞೆ, ಪ್ರಶ್ನೋತ್ತರ ಹೇಳಿಸಿದರೆ ಮಕ್ಕಳಿಗೆ ತಾವು ಯಾರೆಂದು ತಿಳಿಯುತ್ತದೆ, ಪ್ರಾರ್ಥನಾ ಪುಸ್ತಕ ಓದಲು ಬರುವುದಿಲ್ಲ. ಲೀಸರ್‌ಗೆ ಇದು ಗೊತ್ತಿತ್ತು, ಅವರು ದಿನದ ಶಾಲೆಯ ಹಂಬಲವನ್ನು ಬಿಡಲೇ ಇಲ್ಲ. ಆದರೂ ಅದೇ ಮಾದರಿ ಚಾರ್ಲ್ಸ್‌ಟನ್ನಿಗೆ, ಬೇರೆ ಊರುಗಳಿಗೆ ಬೇಗ ಹಬ್ಬಿತು. ಹಬ್ಬಲು ಕಾರಣ ಅದರ ಖರ್ಚು: ಒಂದು ಕೋಣೆ, ಬೆಂಚು, ಪುಸ್ತಕ. ಸಂಬಳ ಸೊನ್ನೆ.

ನಡಾವಳಿ:
ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ ಸರ್. ಆ ಶಾಲೆ ತನ್ನ ಶಿಕ್ಷಕಿಯರನ್ನು ತಾನೇ ತಯಾರು ಮಾಡಿಕೊಂಡಿತು. ಕಲಿತು ಮುಗಿಸಿದ ಹುಡುಗಿಯರೇ ಕಲಿಸಲು ನಿಲ್ಲುತ್ತಿದ್ದರು. 1864ರಲ್ಲಿ ರೆಬೆಕಾ ಬಿಟ್ಟಾಗ ಹೊರಗಿನಿಂದ ಯಾರನ್ನೂ ಹುಡುಕಬೇಕಾಗಲಿಲ್ಲ, ಅವರ ಜೊತೆಗೇ ದುಡಿದವರು ಮುಂದುವರಿಸಿದರು. ಸ್ವಯಂಸೇವಾ ಸಂಸ್ಥೆಗಳು ಸಾಯುವುದು ಬಹುಪಾಲು ಇಲ್ಲೇ. ಸ್ಥಾಪಕರು ಮೂವತ್ತು ವರ್ಷ ಎಲ್ಲವನ್ನೂ ತಾವೇ ಮಾಡುತ್ತಾರೆ, ಕೊನೆಗೆ ಬೀಗದ ಕೈ ಯಾರ ಬಳಿ ಅಂತ ಕೂಡ ಬೇರೆಯವರಿಗೆ ಗೊತ್ತಿರುವುದಿಲ್ಲ.

ಚಂದಾಪುಸ್ತಕ:
ಅನಾಥಾಲಯದ ಬೆಂಕಿಯ ಬಗ್ಗೆ ಯಾರೂ ಹೇಳಲಿಲ್ಲ. 1822ರ ಜನವರಿಯಲ್ಲಿ ಕಟ್ಟಡ ರಾತ್ರಿ ಹೊತ್ತಿ ಉರಿದು 23 ಮಕ್ಕಳು ಸತ್ತರು. ಆಗ ರೆಬೆಕಾ ಕಾರ್ಯದರ್ಶಿಯಾಗಿ ಮೂರನೇ ವರ್ಷ. ಬದುಕುಳಿದ ಮಕ್ಕಳಿಗೆ ತಕ್ಷಣ ನೆಲೆ, ಬಟ್ಟೆ, ಜನರ ಮುಂದೆ ವಿವರಣೆ, ದಾನಿಗಳಿಗೆ ಪತ್ರ, ಹೊಸ ಕಟ್ಟಡಕ್ಕೆ ಹಣ. ಸಮಿತಿಯ ಮೇಲಿನ ನಂಬಿಕೆಯೇ ಬೂದಿಯಾಗಬಹುದಾಗಿದ್ದ ಹೊತ್ತು. ಸಂಸ್ಥೆ ಮತ್ತೆ ಎದ್ದಿತು, ಅವರು ಇನ್ನೂ 37 ವರ್ಷ ಅದೇ ಹುದ್ದೆಯಲ್ಲಿದ್ದರು. ಅಂಥ ದುರಂತದ ಮರುವಾರವೂ ಸಭೆ ಕರೆದು ಲೆಕ್ಕ ಮುಂದಿಡುವವರಿದ್ದರೆ ಮಾತ್ರ ದಾನಿಗಳು ಮತ್ತೆ ಕೈ ಬಿಚ್ಚುತ್ತಾರೆ.

ಶಾಲ್ಮಲಾ ತೀರ:
1855ರ ಪಾಲನಾಗೃಹಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಅನಾಥಾಲಯದಲ್ಲಿ ಪ್ರಾರ್ಥನೆ, ಪಾಠ ಎಲ್ಲ ಪ್ರೊಟೆಸ್ಟೆಂಟ್ ಕ್ರಮದ್ದು. ಅಲ್ಲಿನ ಪತ್ರವ್ಯವಹಾರವನ್ನೆಲ್ಲ ದಶಕಗಟ್ಟಲೆ ಬರೆದವರಿಗೆ, ಯಹೂದಿ ಮಗು ಅಲ್ಲಿ ಸೇರಿದರೆ ಯಹೂದಿಯಾಗಿ ಹೊರಬರುವುದಿಲ್ಲ ಅಂತ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. 1840ರ ದಶಕದಿಂದ ಜರ್ಮನ್ ನಾಡುಗಳಿಂದ ವಲಸೆ ಹೆಚ್ಚಿತು. ತಂದೆ ತಾಯಿ ಬದುಕಿದ್ದೂ ಸಾಕಲಾಗದ ಮಕ್ಕಳು ಹೆಚ್ಚಾದರು. 1850ರಲ್ಲಿ ಲೀಸರ್‌ರ ಮಾಸಪತ್ರಿಕೆಯಲ್ಲಿ ರೆಬೆಕಾ ತಮ್ಮ ಹೆಸರು ಹಾಕದೆ ಈ ಬಗ್ಗೆ ಬರೆದರು. ಐದು ವರ್ಷದ ಮೇಲೆ ಮನೆ ತೆರೆಯಿತು. ಆಗ ಅವರಿಗೆ 74.

ಬೆಳ್ಳಿಚುಕ್ಕಿ:
ಒಂದು ನೇರ ಪ್ರಶ್ನೆ. ಅರವತ್ತು ವರ್ಷ ಸಂಬಳವಿಲ್ಲದೆ ದುಡಿದರು ಅನ್ನುತ್ತೀರಿ. ಊಟಕ್ಕೇನು ಮಾಡಿದರು?

ಇತಿಹಾಸದ ಮೇಷ್ಟ್ರು:
ಎಲ್ಲರೂ ಕೇಳಲೇಬೇಕಾದ ಪ್ರಶ್ನೆ. ತಂದೆ ಮೈಕೇಲ್ ಗ್ರಾಟ್ಜ್ ದೊಡ್ಡ ವ್ಯಾಪಾರಿ. ಆಮೇಲೆ ಮದುವೆಯಾಗದ ಸೋದರರ ಮನೆಯಲ್ಲಿ ಇವರದೇ ಸಂಸಾರದ ಉಸ್ತುವಾರಿ. 1823ರಲ್ಲಿ ತಂಗಿ ರೇಚಲ್ ತೀರಿಕೊಂಡಾಗ ಅವಳ ಮಕ್ಕಳನ್ನೂ ಸಾಕಿದರು. ಮಧ್ಯೆ ಸೋದರರ ವ್ಯಾಪಾರ ಕುಸಿದದ್ದೂ ಇದೆ. ಸ್ವಯಂಸೇವೆಯ ಹಿಂದೆ ಯಾರದೋ ಮನೆಯ ಅಡಿಗೆಮನೆ ಇರುತ್ತದೆ, ಅದನ್ನು ಬಚ್ಚಿಟ್ಟು ಚರಿತ್ರೆ ಬರೆಯಬಾರದು.

ಇದೇ ಕಣ್ಣಿನಿಂದ ಮುಂದಿನವರನ್ನು ನೋಡಿ. 1912ರಲ್ಲಿ ನ್ಯೂಯಾರ್ಕಿನಲ್ಲಿ ಯಹೂದಿ ಮಹಿಳೆಯರ ಹದಸ್ಸಾ ಸಂಘ ಕಟ್ಟಿದ ಹೆನ್ರಿಯೆಟ್ಟಾ ಸೋಲ್ಡ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದನೆಯ ನೌಕರಿ ಮಾಡುತ್ತಿದ್ದವರು. 1916ರಲ್ಲಿ ನ್ಯಾಯಾಧೀಶ ಜೂಲಿಯನ್ ಮ್ಯಾಕ್ ಮತ್ತು ಮಿತ್ರರು ಜೀವಮಾನದ ವರ್ಷಾಶನ ಏರ್ಪಡಿಸಿದ ಮೇಲೆಯೇ ಅವರು ಪೂರ್ತಿ ಸಮಯ ಸಂಘಕ್ಕೆ ಕೊಡಲು ಸಾಧ್ಯವಾದದ್ದು. ಜರ್ಮನಿಯಲ್ಲಿ 1904ರಲ್ಲಿ ಯಹೂದಿ ಮಹಿಳಾ ಒಕ್ಕೂಟ ಸ್ಥಾಪಿಸಿ ಇಪ್ಪತ್ತು ವರ್ಷ ಅಧ್ಯಕ್ಷೆಯಾಗಿದ್ದ ಬರ್ತಾ ಪಾಪೆನ್‌ಹೈಮ್ ಪಿತ್ರಾರ್ಜಿತ ಆಸ್ತಿಯ ಮೇಲೆ ಬದುಕಿದರು. 1907ರಲ್ಲಿ ನಾಯ್-ಈಸೆನ್‌ಬುರ್ಗ್‌ನಲ್ಲಿ ಅವಿವಾಹಿತ ತಾಯಂದಿರಿಗೆ, ಅಪಾಯದಲ್ಲಿದ್ದ ಹುಡುಗಿಯರಿಗೆ ಅವರು ತೆರೆದ ಮನೆಯ ಮುಖ್ಯ ಕಟ್ಟಡಕ್ಕೆ 1938ರ ನವೆಂಬರಿನಲ್ಲಿ ನಾಜಿಗಳು ಬೆಂಕಿ ಇಟ್ಟರು. 1942ರಲ್ಲಿ ಉಳಿದವರನ್ನು ಗಡೀಪಾರು ಮಾಡಿದರು. ಎಷ್ಟೇ ಗಟ್ಟಿ ನಿಯಮಾವಳಿ ಇದ್ದರೂ ಸರ್ಕಾರವೇ ಕೊಲ್ಲಲು ಹೊರಟರೆ ಸಂಸ್ಥೆ ಉಳಿಯುವುದಿಲ್ಲ.

ಶಾಲ್ಮಲಾ ತೀರ:
ಸೋಲ್ಡ್ ಬಗ್ಗೆ ಬರೆಯುವಾಗ ಎಲ್ಲರೂ ಯೂತ್ ಅಲಿಯಾ ಕೂಡ ಅವರೇ ಶುರುಮಾಡಿದ್ದು ಅಂತ ಬರೆದುಬಿಡುತ್ತಾರೆ. ಯಹೂದಿ ಯುವಕರನ್ನು ಜರ್ಮನಿಯಿಂದ ಪ್ಯಾಲೆಸ್ಟೈನಿಗೆ ಕಳಿಸುವ ಈ ಯೋಜನೆಯ ಮೊದಲ ಯೋಚನೆ ಬರ್ಲಿನ್ನಿನ ರೆಕಾ ಫ್ರೈಯರ್ ಅವರದು. ಪ್ಯಾಲೆಸ್ಟೈನಿನಲ್ಲಿ ಅದನ್ನು ಕಾರ್ಯಗತ ಮಾಡಿದ್ದು ಸೋಲ್ಡ್, 70 ದಾಟಿದ ಮೇಲೆ. ಇಬ್ಬರ ಹೆಸರನ್ನೂ ಹೇಳಬೇಕು.

ಗಾಜನೂರು:
ನಮ್ಮ ಕಡೆಯ ಒಂದು ಕೊಂಡಿ ಇದೆ. ಡಾ. ಜೆರೂಶಾ ಝಿರಾದ್ ಹುಟ್ಟಿದ್ದು ಶಿವಮೊಗ್ಗದಲ್ಲಿ, ಬೆನೆ ಇಸ್ರೇಲ್ ಯಹೂದಿ ಮನೆತನ. ಲಂಡನ್ನಿನಲ್ಲಿ ಪ್ರಸೂತಿ ಶಾಸ್ತ್ರದ ಎಂ.ಡಿ. ಮಾಡಿ, 1928ರಿಂದ 1947ರವರೆಗೆ ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. 1966ರಲ್ಲಿ ಪದ್ಮಶ್ರೀ. 1925ರಲ್ಲಿ ಅವರೂ ಅವರ ಸೋದರಿಯೂ ಸೇರಿ ಮುಂಬೈಯಲ್ಲಿ ಯಹೂದಿ ಧಾರ್ಮಿಕ ಸಂಘ ಕಟ್ಟಿದರು. ಅದಕ್ಕೆ ಲಂಡನ್ನಿನ ಲಿಲಿ ಮಾಂಟೆಗ್ಯೂ ಮಾದರಿ. ಆಕೆ 1893ರಲ್ಲಿ ದುಡಿಯುವ ಹುಡುಗಿಯರ ಕ್ಲಬ್ ತೆರೆದು ಆಯುಷ್ಯವಿಡೀ ನಡೆಸಿದವರು. ಶಿವಮೊಗ್ಗದಲ್ಲೇ ಈ ಹೆಸರು ಗೊತ್ತಿರುವವರು ತೀರ ಕಡಿಮೆ. ಒಂದು ಹೆರಿಗೆ ವಾರ್ಡಿಗಾದರೂ ಅವರ ಹೆಸರಿಡಬೇಕು.

ಬೆಳ್ಳಿಚುಕ್ಕಿ:
ಗಾಜನೂರು ಅವರೇ, ಇದು ಗೊತ್ತೇ ಇರಲಿಲ್ಲ, ಧನ್ಯವಾದ. ನಡಾವಳಿಯವರಿಗೆ ಕೊನೆಯದಾಗಿ ಒಂದು: 1819ರ ಆ ಸಂಘ ಈಗಲೂ ಇದೆಯೇ? ರೆಬೆಕಾ ಬರೆದದ್ದನ್ನು ಓದಬೇಕು ಅಂದರೆ ಎಲ್ಲಿಂದ ಶುರುಮಾಡಲಿ?

ನಡಾವಳಿ:
ಇದೆ. 200 ವರ್ಷ ದಾಟಿದೆ, ಫಿಲಡೆಲ್ಫಿಯಾದಲ್ಲೇ ಕಷ್ಟದಲ್ಲಿರುವ ಯಹೂದಿ ಹೆಂಗಸರಿಗೆ ನೆರವು ಕೊಡುತ್ತದೆ.

ಓದಲು ಪತ್ರಗಳಿಂದ ಶುರುಮಾಡಿ. ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿದ್ದ ತಮ್ಮ ಬೆಂಜಮಿನ್ ಮತ್ತು ಅವನ ಹೆಂಡತಿ ಮರಿಯಾ ಗಿಸ್ಟ್ ಅವರಿಗೆ ದಶಕಗಟ್ಟಲೆ ಬರೆದ ಪತ್ರಗಳು ಅಚ್ಚಾಗಿವೆ. ಮರಿಯಾ ಕ್ರೈಸ್ತಳು. ಅವಳ ಹತ್ತಿರ ತಮ್ಮ ಧರ್ಮದ ಬಗ್ಗೆ ರೆಬೆಕಾ ಎಷ್ಟು ಬಿಚ್ಚುಮನಸ್ಸಿನಿಂದ ಬರೆಯುತ್ತಾರೆ ನೋಡಿ. ಆದರೆ ಪತ್ರಗಳಲ್ಲಿ ಜಮಾಖರ್ಚು ಸಿಗುವುದಿಲ್ಲ. ಅದಕ್ಕೆ ಅನಾಥಾಲಯದ ವಾರ್ಷಿಕ ವರದಿಗಳಿಗೆ ಹೋಗಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೇ ವರ್ಷದ್ದನ್ನು ಓದಿ, 1822ರಿಂದ ಶುರುಮಾಡಿದರೆ ಒಳ್ಳೆಯದು.